ಕನ್ನಡಕದಂಗಡಿಯ ಜೇಡ

"ಗಲ್ಲ ಇಲ್ಲಿಡಿ... ಹಣೆ ಸ್ವಲ್ಪ ಮುಂದಕ್ಕೆ... ಹಾಂ, ಹಾಗೇ. ಈಗ ಅಲುಗಾಡ್ಬೇಡಿ."

ಅವಳು ಉಸಿರು ಬಿಗಿಹಿಡಿದು ಕೂತಳು. ಕಣ್ಣು ಪರೀಕ್ಷೆ ಮಾಡುವ ಯಂತ್ರದ ಆ ಕಡೆ ಅವನ ಕಣ್ಣು, ಈ ಕಡೆ ಅವಳ ಕಣ್ಣು. ನಡುವೆ ಒಂದೇ ಒಂದು ಗೇಣು ಜಾಗ.

'ಅಯ್ಯೋ, ಇಷ್ಟು ಹತ್ತಿರದಿಂದ ನನ್ನನ್ನ ಯಾರೂ ನೋಡೇ ಇಲ್ಲವಲ್ಲ...' ಅವಳ ಎದೆ ಸುಮ್ಮಸುಮ್ಮನೆ ಡವಗುಟ್ಟತೊಡಗಿತು.

ಆಗಲೇ ಆ ಗೇಣು ಜಾಗದೊಳಕ್ಕೆ ಮೇಲಿನಿಂದ ಏನೋ ಇಳಿಯಿತು.

ಪುಟ್ಟದು. ಕಪ್ಪನೆಯದು. ಮೈತುಂಬ ರೋಮ. ಎಂಟು ಕಾಲು!

"ಅಮ್ಮಾ...!"

ಕುರ್ಚಿ ಹಿಂದಕ್ಕೆ ಹಾರಿತು. ಅವಳ ಮೊಣಕೈ ಪಕ್ಕದ ಟ್ರೇಗೆ ಬಡಿಯಿತು. ಸಾಲಾಗಿ ಜೋಡಿಸಿಟ್ಟಿದ್ದ ಫ್ರೇಮುಗಳೆಲ್ಲ ಟಪಟಪನೆ ನೆಲದ ಪಾಲಾದವು.

"ಏನೋ ಅದು, ಗೋಡೆ ಬಿತ್ತೇನೋ?" ಅಂಗಡಿಯ ಮೂಲೆಯಲ್ಲಿ ಕೂತು ಗಾಜು ಉಜ್ಜುತ್ತಿದ್ದ ಅವನ ಅಪ್ಪ ತಲೆ ಎತ್ತಿ ಕೇಳಿದರು.

ಅವನು ನೆಲದ ಮೇಲೆ ಮಂಡಿಯೂರಿ ಕೂತಿದ್ದ. ಫ್ರೇಮು ಹೆಕ್ಕಲಿಕ್ಕೆ ಅಂದುಕೊಂಡು ಅವಳು ಕ್ಷಮೆ ಕೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಅವನು ಒಂದು ಗಾಜಿನ ಲೋಟವನ್ನು ಆ ಜೇಡದ ಮೇಲೆ ಮೆತ್ತಗೆ ಬೋರಲು ಹಾಕಿ, "ಪಾಪ! ಎಷ್ಟು ಹೆದರಿಬಿಡ್ತು ನೋಡಿ," ಅಂದ.

"ಹೆದರಿದ್ದು ನಾನು ಕಣ್ರೀ!"

"ನೀವೂ ಹೆದರಿದ್ರಿ. ಆದ್ರೆ ಕಿರುಚಿದ್ದು ನೀವು ಮಾತ್ರ. ಅದು ಪಾಪ ಕಿರುಚೋದೂ ಇಲ್ಲ."

ಅವಳಿಗೆ ಮೈಯೆಲ್ಲ ಉರಿದುಹೋಯಿತು. ಬ್ಯಾಗು ಎತ್ತಿಕೊಂಡು ಹೊರಟೇಬಿಟ್ಟಳು. ಬಾಗಿಲ ಹತ್ತಿರ ಅವನ ದನಿ ಅವಳನ್ನು ತಡೆಯಿತು.

"ಒಂದೇ ಒಂದು ಸಲ... ಈ ಮಸೂರದಲ್ಲಿ ನೋಡಿ. ಆಮೇಲೂ ಕೋಪ ಇದ್ರೆ, ನಿಮ್ಮ ಕನ್ನಡಕ ಪುಕ್ಕಟೆ."

"ಲೋ!" ಅಂದರು ಅಪ್ಪ ಮೂಲೆಯಿಂದ.

ಯಾಕೆ ತಿರುಗಿ ಬಂದಳೋ ಅವಳಿಗೇ ಗೊತ್ತಿಲ್ಲ. ಒಂದು ಕಣ್ಣು ಮುಚ್ಚಿ, ಮಸೂರ ಹಿಡಿದು ಬಗ್ಗಿದಳು.

ಲೋಟದೊಳಗಿನ ಜೇಡ ಅವಳ ಕಡೆಗೆ ತಿರುಗಿತು. ನಿಜವಾಗಿ ತಿರುಗಿತು! ಮುಂದೆ ಎರಡು ದೊಡ್ಡ ಕಣ್ಣು, ಹೊಳೆಯುವ ಕಪ್ಪು ಮಣಿಗಳ ಹಾಗೆ. ಅದರ ಪಕ್ಕ ಇನ್ನೆರಡು. ತಲೆಯ ಮೇಲೆ ನಾಲ್ಕು. ಬಾಯಿಯ ಹತ್ತಿರ ನವಿಲುಗರಿಯ ಹಸಿರು ಮಿಂಚು...

"ಎಂಟು ಕಣ್ಣು..." ಅವಳು ತನಗೇ ಗೊತ್ತಿಲ್ಲದೆ ಉಸುರಿದಳು.

"ಹೂಂ. ಇವರ ಮನೆಯವರೆಲ್ಲ ಕನ್ನಡಕ ಮಾಡಿಸ್ಕೊಂಡ್ರೆ ನಮ್ಮ ಅಂಗಡಿ ಉದ್ಧಾರ ಆಗ್ತಿತ್ತು."

ಅವಳಿಗೆ ನಗು ಬಂದುಬಿಟ್ಟಿತು. ಕೋಪವನ್ನು ಎಷ್ಟು ಹುಡುಕಿದರೂ ಸಿಗಲಿಲ್ಲ!

*

ಅವಳು ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆಯಲ್ಲಿ ಚಿತ್ರ ಬರೆಯುವವಳು. ಕಾರ್ಖಾನೆ ಅವಳ ದೊಡ್ಡಮ್ಮನದು. ಉದ್ದನೆಯ ಎಂಟು ಮೇಜು, ಬಣ್ಣದ ಡ್ರಮ್ಮುಗಳು, ಮಹಡಿಯ ಮೇಲೆ ಕಿಟಕಿ ಪಕ್ಕ ಅವಳ ಕೋಣೆ. ಆರು ವರ್ಷದಿಂದ ಅಲ್ಲಿ ಅವಳು ಬರೆದದ್ದು ಹೂವು, ಬಳ್ಳಿ, ಮತ್ತೆ ಹೂವು.

ಈಗ ದೊಡ್ಡ ಕೆಲಸವೊಂದು ಬಾಗಿಲಿಗೆ ಬಂದು ನಿಂತಿತ್ತು. ಊರಿನ ರಂಗಮಂದಿರಕ್ಕೆ ಹೊಸ ಪರದೆ ಬೇಕಂತೆ. ವೇದಿಕೆಯ ಈ ತುದಿಯಿಂದ ಆ ತುದಿವರೆಗೆ! "ಒಂದು ತಿಂಗಳಲ್ಲಿ ನಕ್ಷೆ ತೋರಿಸಿ, ಬೇರೆಯವರನ್ನೂ ಕೇಳಿದ್ದೀವಿ," ಅಂದಿದ್ದರು ರಂಗಮಂದಿರದ ಮ್ಯಾನೇಜರಮ್ಮ.

"ಪುಟ್ಟೀ, ಇದು ಕೈತಪ್ಪಿದ್ರೆ ನಮ್ಮನ್ನ ದಿಂಬಿನ ಕವರ್‌ನವರು ಅಂತಲೇ ಕರೀತಾರೆ," ಅಂದಿದ್ದರು ದೊಡ್ಡಮ್ಮ.

ಹಗಲಿಡೀ ಕಾಗದ ನೋಡಿ ನೋಡಿ ಕಣ್ಣಲ್ಲಿ ನೀರು ಸುರಿಯಲು ಶುರುವಾಗಿತ್ತು. ಅದಕ್ಕೇ ಅವಳು ಕನ್ನಡಕದಂಗಡಿಗೆ ಹೋಗಿದ್ದು.

ಆ ದಿನ ಕೋಣೆಗೆ ಬಂದವಳೇ ಪೆನ್ಸಿಲ್ ಹಿಡಿದಳು. ಚಿಕ್ಕವಳಿದ್ದಾಗ ಅಣ್ಣ ಅವಳ ಬೂಟಿನೊಳಗೆ ಜೇಡ ಹಾಕಿದ್ದ; ಅವತ್ತಿನಿಂದ ಜೇಡ ಅಂದರೆ ಅವಳು ಮನೆಯನ್ನೇ ಬಿಟ್ಟು ಓಡುವವಳು. ಅಂಥವಳ ಕೈ ಇವತ್ತು ಎಂಟು ಕಣ್ಣು ಬರೆಯುತ್ತಿದೆ! ಕಾಲಿನ ರೋಮ ಬರೆಯುತ್ತಿದೆ! ದೊಡ್ಡಮ್ಮ ಊಟಕ್ಕೆ ಎರಡು ಸಲ ಕರೆದದ್ದೂ ಕೇಳಲಿಲ್ಲ.

ಮರುದಿನ ಅವಳು ಮತ್ತೆ ಅಂಗಡಿಯ ಬಾಗಿಲಲ್ಲಿ.

"ಇದ್ದಾಳಾ?"

"ಯಾರು?" ಅವನು ಗಾಬರಿಯಾಗಿ ಸುತ್ತಲೂ ನೋಡಿದ.

"ಅವಳೇ... ಎಂಟು ಕಣ್ಣಿನವಳು."

ಅವನ ಮುಖ ಅರಳಿತು. "ಹಿತ್ತಲಿಗೆ ಬಿಟ್ಟೆ. ಬನ್ನಿ, ಅವಳ ನೆಂಟರನ್ನೂ ಪರಿಚಯ ಮಾಡಿಸ್ತೀನಿ."

ಅಂಗಡಿಯ ಹಿಂದೆ ಮಂಚದಷ್ಟಗಲದ ಒಂದು ಹಿತ್ತಲು. ಮುರುಕು ಗೋಡೆ, ಒಂದು ಕಲ್ಲು ಬೆಂಚು, ಯಾರೂ ಕೀಳದೆ ಬೆಳೆದ ಕಳೆ. ಅದು ಬಿಟ್ಟರೆ ಅಲ್ಲಿ ಏನೂ ಇಲ್ಲ ಅಂದುಕೊಂಡಳು. ಅವನು ಒಂದು ಎಲೆ ಮಗುಚಿದ. ಬಂಗಾರದ ಹನಿಯಂಥ ಒಂದು ಪುಟ್ಟ ಜೀರುಂಡೆ! ಬೆನ್ನಿನ ಚಿಪ್ಪಿನ ಅಂಚು ಗಾಜಿನ ಹಾಗೆ ಪಾರದರ್ಶಕ. ಇನ್ನೊಂದು ಎಲೆಯ ಅಡಿಯಲ್ಲಿ ಕೂದಲೆಳೆಯ ತುದಿಗೆ ಒಂದೊಂದು ಮೊಟ್ಟೆ, ಗುಂಡುಸೂಜಿ ಚುಚ್ಚಿಟ್ಟ ಹಾಗೆ.

"ಇದನ್ನೆಲ್ಲ ನಿಮಗೆ ಯಾರು ಹೇಳಿಕೊಟ್ರು?"

"ಯಾರೂ ಇಲ್ಲ. ಮಧ್ಯಾಹ್ನ ಗಿರಾಕಿ ಬರಲ್ಲ. ಕೈಯಲ್ಲಿ ಮಸೂರ ಇರುತ್ತೆ. ಇನ್ನೇನು ಮಾಡ್ಲಿ?"

ಅಂದಿನಿಂದ ಮಧ್ಯಾಹ್ನದ ಒಂದು ಗಂಟೆ ಅವಳಿಗೆ ಆ ಹಿತ್ತಲಿಗೇ ಮೀಸಲು. ಕಲ್ಲು ಬೆಂಚಿನ ಒಂದು ತುದಿಯಲ್ಲಿ ಅವಳು, ಇನ್ನೊಂದು ತುದಿಯಲ್ಲಿ ಅವನು. ನಡುವೆ ಎರಡು ಊಟದ ಡಬ್ಬಿ, ಅವಳ ಚಿತ್ರದ ಪುಸ್ತಕ. ರಾತ್ರಿ ಕೋಣೆಯಲ್ಲಿ, ದೊಡ್ಡಮ್ಮನಿಗೆ ಹೇಳದೆ, ಅವೇ ಚಿತ್ರಗಳಿಂದ ಪರದೆಯ ನಕ್ಷೆ.

ಕೆಲವು ಸಂಜೆ ಗೋಡೆಯ ಮೂಲೆಯ ದೊಡ್ಡ ಜೇಡ ಬಲೆ ನೇಯುವುದನ್ನೂ ನೋಡಿದರು.

"ನೇರ ಎಳೆ ಅಂಟಲ್ಲ, ಸುತ್ತು ಎಳೆ ಮಾತ್ರ ಅಂಟುತ್ತೆ," ಅವನು ಪಿಸುಗುಟ್ಟಿದ. "ಹಳೇ ಬಲೆ ಹರಿದ್ರೆ ಅದನ್ನೇ ತಿಂದು, ಹೊಸದು ನೇಯ್ತಾಳೆ."

"ನಾನೂ ನನ್ನ ಗುಲಾಬಿ ಹೂವನ್ನೆಲ್ಲ ತಿಂದುಬಿಡ್ಬೇಕು," ಅಂದಳು ಅವಳು. ಇಬ್ಬರೂ ನಕ್ಕ ನಗುವಿಗೆ ಒಳಗಿನಿಂದ ಅಪ್ಪ ಕೆಮ್ಮಿದರು.

ಒಂದು ದಿನ ಬೆಂಚಿನ ಅಂಚಿನಲ್ಲಿ ಒಂದು ಗಂಡು ಜೇಡ ಕಾಣಿಸಿತು. ಎದುರಿಗೆ ಹೆಣ್ಣು. ಗಂಡು ಮುಂದಿನ ಎರಡು ಕಾಲು ಎತ್ತಿ, ಆ ಕಡೆ ನಾಲ್ಕು ಹೆಜ್ಜೆ, ಈ ಕಡೆ ನಾಲ್ಕು ಹೆಜ್ಜೆ... ಕುಣಿಯತೊಡಗಿತು!

"ಏನು ಮಾಡ್ತಿದೆ ಅದು?"

"ಕೇಳ್ತಿದಾನೆ." ಅವನ ದನಿ ಯಾಕೋ ತಗ್ಗಿತು. "ಅವಳಿಗೆ ಇಷ್ಟ ಆದ್ರೆ ಸರಿ. ಇಲ್ಲದಿದ್ರೆ ಎದ್ದು ಹೋಗ್ತಾಳೆ. ತೀರಾ ಸಿಟ್ಟು ಬಂದ್ರೆ... ತಿಂದೇಬಿಡ್ತಾಳೆ."

"ಅಷ್ಟು ಗೊತ್ತಿದ್ರೂ ಕೇಳ್ತಾನಾ?"

"ಕೇಳ್ತಾನಲ್ಲ. ಅವನಿಗೆ ನನಗಿಂತ ಧೈರ್ಯ ಜಾಸ್ತಿ."

ಅವಳು ಥಟ್ಟನೆ ಅವನ ಕಡೆ ನೋಡಿದಳು. ಅವನು ಜೇಡದ ಕಡೆ ನೋಡುತ್ತಿದ್ದ. ಕಿವಿ ಮಾತ್ರ ಕೆಂಪಗಾಗಿತ್ತು.

'ಈಗೇನಂದ ಇವನು? ಜೇಡದ ಮಾತಾ... ಅಥವಾ...?'

ಅವತ್ತು ಅವಳ ಪುಸ್ತಕದಲ್ಲಿ ಹುಳವಲ್ಲದ ಒಂದು ಚಿತ್ರ ಸೇರಿಕೊಂಡಿತು. ಎಲೆಯ ಮೇಲೆ ಬಗ್ಗಿದ ಅವನ ಮುಖ. ಕೆಳಗೆ ಪೆನ್ಸಿಲ್ಲಿನಲ್ಲಿ, ತೀರಾ ಸಣ್ಣ ಅಕ್ಷರದಲ್ಲಿ ಬರೆದಳು: 'ಹುಳ ನೋಡುವಾಗ ಇವನ ರೆಪ್ಪೆ ಪತಂಗದ ಮೀಸೆಯ ಹಾಗೆ ಅಲುಗುತ್ತೆ. ನನ್ನನ್ನ ಯಾವಾಗ ಹೀಗೆ ನೋಡ್ತಾನೋ?'

*

ನಕ್ಷೆ ತೋರಿಸಲು ಇನ್ನು ನಾಲ್ಕೇ ದಿನ. ಅವನು ಮೂರು ದಿನ ಶಾಲೆಗಳಲ್ಲಿ ಮಕ್ಕಳ ಕಣ್ಣು ನೋಡಲು ಹೊರಗೆ ಹೋಗಬೇಕಿತ್ತು. ಹೋಗುವ ದಿನ ಅವರಿನ್ನೂ ಮಾತಾಡುತ್ತಿದ್ದಾಗಲೇ ದೊಡ್ಡಮ್ಮನ ಫೋನು ಬಂತು. ಬಣ್ಣದ ಡ್ರಮ್ಮು ಸೋರುತ್ತಿದೆಯಂತೆ! ಅವಳು ಎದ್ದುಬಿದ್ದು ಓಡಿದಳು. ಪುಸ್ತಕ ಬೆಂಚಿನ ಮೇಲೆಯೇ ಉಳಿಯಿತು.

ಸೋರಿದ ಬಣ್ಣ ತೊಳೆದು, ಕೆಟ್ಟ ಬಟ್ಟೆ ಬೇರೆ ಮಾಡಿ, ಕಾರ್ಖಾನೆ ಒಂದು ಹದಕ್ಕೆ ಬರುವ ಹೊತ್ತಿಗೆ ಮೂರು ದಿನ ಕಳೆದಿತ್ತು. ಮೂರನೆಯ ದಿನ ಸಂಜೆ ಅವಳು ಪುಸ್ತಕ ತರಲು ಹೊರಟಳು.

ಕನ್ನಡಕದಂಗಡಿಯ ಮುಂದೆ ಜನವೋ ಜನ!

ಹತ್ತಿರ ಹೋದಳು. ಕಾಲು ಅಲ್ಲೇ ಹೂತುಹೋಯಿತು.

ಅಂಗಡಿಯ ದೊಡ್ಡ ಗಾಜಿನ ಹಿಂದೆ ಅವಳ ಚಿತ್ರಗಳು. ಒಂದೊಂದು ಹಾಳೆಯನ್ನೂ ಸಾಲಾಗಿ ಅಂಟಿಸಿ, ಪ್ರತಿಯೊಂದರ ಮುಂದೆ ಒಂದು ಮಸೂರ ನೇತುಹಾಕಿದೆ. ಜೀರುಂಡೆ, ಬಲೆ, ಎಂಟು ಕಣ್ಣಿನವಳು... ಸರಿಯಾಗಿ ನಡುವೆ, ಎಲ್ಲಕ್ಕಿಂತ ದೊಡ್ಡ ಮಸೂರದ ಹಿಂದೆ, ಅವನ ಮುಖ! ಅದರ ಕೆಳಗೆ ಅವಳ ಪೆನ್ಸಿಲ್ ಸಾಲು, ಬೆರಳು ಗಾತ್ರದ ಅಕ್ಷರವಾಗಿ!

"ಪತಂಗದ ಮೀಸೆಯಂತೆ ಕಣೇ!" ಇಬ್ಬರು ಹುಡುಗಿಯರು ಕಿಸಕ್ಕನೆ ನಕ್ಕರು.

ಅವಳ ಮುಖಕ್ಕೆ ರಕ್ತ ನುಗ್ಗಿತು. ಜನರನ್ನು ತಳ್ಳಿಕೊಂಡು ಒಳಗೆ ಹೋದಳು. ಅವನು ಭುಜದ ಚೀಲವನ್ನೂ ಇಳಿಸದೆ ಆ ಹಾಳೆಯ ಮುಂದೆಯೇ ನಿಂತಿದ್ದ.

"ಯಾರನ್ನ ಕೇಳಿ ಹಾಕಿದ್ರಿ ಇದನ್ನ?"

ಅವನು ಬೆಚ್ಚಿ ತಿರುಗಿದ. ಬಾಯಿ ತೆರೆದ. ಒಳಗೆ ಗಾಜು ಉಜ್ಜುವ ಮೇಜಿನ ಹಿಂದೆ ಅಪ್ಪ ಇಲ್ಲ, ಮನೆಗೆ ಹೋಗಿದ್ದರು. ಅವನು ಒಂದು ಕ್ಷಣ ಆ ಖಾಲಿ ಕುರ್ಚಿ ನೋಡಿದ. ಬಾಯಿ ಮುಚ್ಚಿದ.

"ನಮ್ಮದೇ ತಪ್ಪು," ಅಂದ ಮೆಲ್ಲಗೆ. "ಕ್ಷಮಿಸಿ."

"ನಿಮ್ಮ ಅಂಗಡಿಗೆ ಜನ ಬರಬೇಕಿತ್ತು, ಬಂದ್ರು. ನನ್ನನ್ನ ನೋಡಿ ನಗಬೇಕಿತ್ತು, ನಕ್ಕರು! ಇಷ್ಟಕ್ಕೇನಾ ಒಂದು ತಿಂಗಳು ಹುಳ ತೋರಿಸಿದ್ದು?"

"ಹಾಗಲ್ಲ, ನಾನು..."

ಅವಳು ಕೇಳಿಸಿಕೊಳ್ಳಲಿಲ್ಲ. ಹಾಳೆಗಳನ್ನೆಲ್ಲ ಕಿತ್ತು ಎದೆಗೊತ್ತಿಕೊಂಡು, ಕಣ್ಣೀರು ಕೆನ್ನೆಗೆ ಇಳಿಯುವ ಮೊದಲೇ ಬೀದಿಗೆ ಇಳಿದಳು.

ಮನೆಯಲ್ಲಿ ದೊಡ್ಡಮ್ಮ ಸೊಂಟಕ್ಕೆ ಕೈಯಿಟ್ಟು ಕಾದಿದ್ದರು.

"ಬೀದಿಯವರೆಲ್ಲ ನೋಡಿಯಾದ್ಮೇಲೆ ನನಗೆ ಗೊತ್ತಾಗ್ಬೇಕಾ? ಪರದೆಗೆ ಜೇಡನಾ? ಮನೆಯಲ್ಲಿ ಜೇಡ ಕಂಡ್ರೆ ಪೊರಕೆ ತಗೋತೀವಿ, ನೀನು ಅದಕ್ಕೆ ಚೌಕಟ್ಟು ಹಾಕ್ತೀಯಾ?"

"ಇಲ್ಲ ದೊಡ್ಡಮ್ಮ. ಗುಲಾಬಿ ಬರೀತೀನಿ," ಅಂದಳು ಅವಳು ಸೋತ ದನಿಯಲ್ಲಿ.

ಆ ದನಿ ಕೇಳಿ ದೊಡ್ಡಮ್ಮನ ಕೈ ಸೊಂಟದಿಂದ ಜಾರಿತು. ಅವರಿಗೆ ಬಯ್ಯಲು ಮನಸ್ಸೇ ಬರಲಿಲ್ಲ.

*

ಮರುದಿನ ಹತ್ತು ಗಂಟೆಗೆ ಮ್ಯಾನೇಜರಮ್ಮ ಕಾರ್ಖಾನೆಗೆ ಬಂದರು. ಗುಲಾಬಿ ನಕ್ಷೆ ನೋಡಿದರು. ಕೈಗಡಿಯಾರ ನೋಡಿದರು. "ಚೆನ್ನಾಗಿದೆ," ಅಂದರು.

ಆ 'ಚೆನ್ನಾಗಿದೆ' ಅವಳಿಗೆ ಚೆನ್ನಾಗಿ ಗೊತ್ತು. ದಿಂಬಿನ ಕವರ್ ಕೊಳ್ಳುವವರು ಹೇಳುವ 'ಚೆನ್ನಾಗಿದೆ' ಅದು!

'ಅವನ ಮೇಲಿನ ಕೋಪಕ್ಕೆ ನನ್ನ ಚಿತ್ರಗಳನ್ನ ಯಾಕೆ ಬಲಿ ಕೊಡಲಿ? ನೋಡಿದ್ದು ನನ್ನ ಕಣ್ಣು. ಬರೆದದ್ದು ನನ್ನ ಕೈ.'

"ಒಂದು ನಿಮಿಷ ಕೂತ್ಕೊಳ್ಳಿ ಮೇಡಂ," ಅಂದವಳೇ ಮಹಡಿಗೆ ಓಡಿದಳು. ಒಂದು ತಿಂಗಳು ಬರೆದ ನಕ್ಷೆಯ ಸುರುಳಿ ತಂದು ಮೇಜಿನ ಮೇಲೆ ಬಿಚ್ಚಿದಳು.

ಕಡು ನೀಲಿಯ ಮೇಲೆ ಬೆಳ್ಳಿ ಎಳೆ. ಮೇಲಿನ ಮೂಲೆಯಿಂದ ಹೊರಟ ಒಂದು ಬಲೆ ಪರದೆಯ ತುಂಬ ಹರಡಿತ್ತು. ಎಳೆ ಎಳೆಗೂ ಇಬ್ಬನಿ. ಅಂಚಿನುದ್ದಕ್ಕೂ ಬಂಗಾರದ ಜೀರುಂಡೆಗಳ ಸಾಲು. ಕೆಳಗಡೆ, ಹುಡುಕಿದರೆ ಮಾತ್ರ ಸಿಗುವ ಹಾಗೆ, ಮುಂಗಾಲು ಎತ್ತಿ ಕುಣಿಯುತ್ತಿರುವ ಒಂದು ಪುಟ್ಟ ಜೇಡ.

ಮ್ಯಾನೇಜರಮ್ಮ ಕುರ್ಚಿ ಸಮೇತ ಹಿಂದೆ ಸರಿದರು. "ಅಯ್ಯಯ್ಯೋ, ನನಗೆ ಜೇಡ ಅಂದ್ರೆ ಆಗಲ್ಲಮ್ಮ!"

"ನನಗೂ ಆಗ್ತಿರ್ಲಿಲ್ಲ ಮೇಡಂ. ಬನ್ನಿ, ಕಿಟಕಿ ಹತ್ತಿರ ಒಂದಿದೆ. ನಾನು ನಿಮ್ಮ ಕೈ ಹಿಡ್ಕೊಂಡಿರ್ತೀನಿ."

ಕಿಟಕಿಯ ಮೂಲೆಯಲ್ಲಿ ಇಬ್ಬರು ಹೆಂಗಸರೂ ಅವನು ಕೊಟ್ಟಿದ್ದ ಒಂದೇ ಮಸೂರಕ್ಕೆ ತಲೆ ತಾಗಿಸಿ ಬಗ್ಗಿದರು. ಒಂದು ನಿಮಿಷವಾಯಿತು. ಎರಡಾಯಿತು. ದೊಡ್ಡಮ್ಮ ತಡೆಯಲಾಗದೆ ಹಿಂದೆ ಬಂದು ನಿಂತರು.

"ಅಲ್ಲ... ಇದು ನನ್ನನ್ನೇ ನೋಡ್ತಿದೆಯಲ್ಲ!" ಮ್ಯಾನೇಜರಮ್ಮ ಚಿಕ್ಕ ಹುಡುಗಿಯ ಹಾಗೆ ಉದ್ಗರಿಸಿದರು.

"ಎಲ್ಲಿ, ಸರೀರಿ, ನಾನೂ ನೋಡ್ತೀನಿ," ಅಂದರು ದೊಡ್ಡಮ್ಮ.

ಹತ್ತು ನಿಮಿಷದ ನಂತರ ಮ್ಯಾನೇಜರಮ್ಮ ಆ ಬಲೆಯ ನಕ್ಷೆಯನ್ನು ತಾವೇ ಸುತ್ತಿ ಬಗಲಲ್ಲಿಟ್ಟುಕೊಂಡರು. "ಪರದೆ ತೆರೆಯೋ ಮೊದಲೇ ಜನ ಕಣ್ಣರಳಿಸಿ ಕೂರ್ಬೇಕು. ಇದನ್ನೇ ಮಾಡಿ."

ಅವರು ಹೋದದ್ದೇ ತಡ, ದೊಡ್ಡಮ್ಮ ಅವಳನ್ನು ಅಪ್ಪಿಕೊಂಡರು. ಅವಳು ನಕ್ಕಳು. ಆದರೆ ಮೊದಲು ಯಾರಿಗೆ ಹೇಳಬೇಕು ಅನ್ನಿಸಿತೋ, ಅವನಿಗೇ ಹೇಳುವ ಹಾಗಿರಲಿಲ್ಲ...

*

ಅಚ್ಚಿನ ಕೆಲಸ ಶುರುವಾದ ಮೂರನೆಯ ದಿನ ಬಾಗಿಲಲ್ಲಿ ಅವನ ಅಪ್ಪ ನಿಂತಿದ್ದರು. ಕೈಯಲ್ಲಿ ಟೋಪಿ, ಮುಖದಲ್ಲಿ ತಪ್ಪು ಮಾಡಿದ ಮಗುವಿನ ಕಳೆ.

"ಮಗಳೇ, ಬಯ್ಯೋದಾದ್ರೆ ನನ್ನನ್ನ ಬಯ್ಯಿ. ಚಿತ್ರ ಅಂಟಿಸಿದ್ದು ನಾನು."

"ಅಂಕಲ್...?"

"ಬೆಂಚಿನ ಮೇಲೆ ಪುಸ್ತಕ ಸಿಕ್ತು. ತೆರೆದು ನೋಡ್ದೆ. ನಲವತ್ತು ವರ್ಷ ಮಸೂರ ಉಜ್ಜಿದವನು ನಾನು, ಅದರಲ್ಲಿ ಇಷ್ಟೆಲ್ಲ ಕಾಣುತ್ತೆ ಅಂತ ಗೊತ್ತೇ ಇರ್ಲಿಲ್ಲ! ನಾಲ್ಕು ಜನ ನೋಡ್ಲಿ ಅಂತ ಆಸೆಯಾಯ್ತು. ಮಗ ಊರಲ್ಲಿರ್ಲಿಲ್ಲ. ಅವನು ಬಂದಿದ್ದೂ, ನೀನು ಬಂದಿದ್ದೂ ಒಂದೇ ಗಳಿಗೆ."

"ಆದ್ರೆ... ಆ ಸಾಲು? ಅದನ್ನೂ ಓದಿ..."

"ನನಗೆ ಕಾಣಿಸ್ಲೇ ಇಲ್ಲಮ್ಮ. ಕನ್ನಡಕ ಹಾಕಿರ್ಲಿಲ್ಲ."

"ಕನ್ನಡಕದಂಗಡಿಯವರು ನೀವು!"

"ಎಲ್ಲೋ ಇಟ್ಟುಬಿಟ್ಟಿದ್ದೆ," ಅಂದರು ಅವರು ತಲೆ ತಗ್ಗಿಸಿ. "ಚಿತ್ರ ನೀನೇ ತಗೊಂಡು ಹೋದೆ ಅಂತಷ್ಟೇ ಹೇಳಿದ್ದ ಮಗ. ನಿನ್ನೆ ಇಬ್ಬರು ಹುಡುಗಿಯರು ಬಂದು ಪತಂಗದ ಮೀಸೆ ಎಲ್ಲಿ ಅಂತ ಕೇಳಿ, ಅವತ್ತಿನ ಜಗಳ ಹೇಳಿದಾಗಲೇ ನನಗೆ ಎಲ್ಲಾ ಗೊತ್ತಾಗಿದ್ದು. ನನ್ನ ಮಗ ನನ್ನ ಹೆಸರು ಎತ್ತಲೇ ಇಲ್ಲ. ನಾನು ಅಷ್ಟು ಖುಷಿಯಾಗಿದ್ದನ್ನ ಹಾಳು ಮಾಡ್ಬಾರದು ಅಂತ ಸುಮ್ಮನಿದ್ದಾನೆ. ಈಗ ಹಿತ್ತಲಿಗೂ ಹೋಗಲ್ಲ, ಊಟದ ಡಬ್ಬಿನೂ ಬಿಚ್ಚಲ್ಲ."

ಅವಳು ಹಿಂದೆ ತಿರುಗಿ ನೋಡಿದರೆ ದೊಡ್ಡಮ್ಮ.

"ಏನೇ ನೋಡ್ತೀಯಾ? ಅಚ್ಚು ನಾನು ನೋಡ್ಕೋತೀನಿ. ಹೋಗು!"

ಕೈ ತೊಳೆಯಲೂ ನಿಲ್ಲದೆ ಅವಳು ಓಡಿದಳು.

ಅಂಗಡಿಯಲ್ಲಿ ಅವನು ಒಬ್ಬ ಅಜ್ಜಿಯ ಕಣ್ಣು ನೋಡುತ್ತಿದ್ದ. ಅಜ್ಜಿ ಗೋಡೆಯ ಮೇಲಿನ ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದರು. ಅವಳನ್ನು ಕಂಡು ಅವನು ಎದ್ದು ನಿಂತ.

"ನೀವ್ಯಾಕೆ ಹೇಳ್ಲಿಲ್ಲ?" ಏದುಸಿರಿನಲ್ಲೇ ಕೇಳಿದಳು. "ಅಂಕಲ್ ಮಾಡಿದ್ದು ಅಂತ ಒಂದು ಮಾತು ಹೇಳ್ಬಾರದಿತ್ತಾ? ನಾನು ಎಷ್ಟೆಲ್ಲ ಅಂದುಬಿಟ್ಟೆ ನಿಮ್ಮನ್ನ..."

"ಹೇಳ್ಬೇಕು ಅಂತಲೇ ಇದ್ದೆ. ಆದ್ರೆ ಆ ಸಾಲು ಓದಿದ್ಮೇಲೆ ನನ್ನ ಬಾಯಿಂದ ಮಾತೇ ಹೊರಡ್ಲಿಲ್ಲ." ಅವನು ಕೈಯಲ್ಲಿದ್ದ ಗಾಜನ್ನು ಸುಮ್ಮನೆ ಒರೆಸಿದ. "ಅಷ್ಟು ಒಳ್ಳೇದು ಯಾರೂ ನನ್ನ ಬಗ್ಗೆ ಬರೆದಿರ್ಲಿಲ್ಲ. ಆಮೇಲೆ ನೀವು ಅಳ್ತಾ ಹೋದ್ರಿ. ಯಾವ ಮುಖ ಹೊತ್ಕೊಂಡು ಬರ್ಲಿ?"

"ಬರೆದದ್ದು ನಿಜ," ಅಂದಳು ಅವಳು. ಈ ಸಲ ಅವಳು ಓಡಲಿಲ್ಲ. "ನೀವು ಹುಳಗಳನ್ನ ಅಷ್ಟು ಪ್ರೀತಿಯಿಂದ ನೋಡ್ತೀರಿ. ನನಗೆ ಹೊಟ್ಟೆಕಿಚ್ಚಾಗ್ತಿತ್ತು."

ಅವನು ತಲೆ ಎತ್ತಿ, ನೆಟ್ಟಗೆ ಅವಳನ್ನೇ ನೋಡಿದ.

"ನೀವು ಬರೆಯೋವಾಗ ತಲೆಯೇ ಎತ್ತಲ್ಲ. ಒಂದು ಸಲ ಎತ್ತಿದ್ರೂ ಗೊತ್ತಾಗ್ತಿತ್ತು. ಈ ತಿಂಗಳು ನಾನು ಒಂದು ಹುಳವನ್ನೂ ಸರಿಯಾಗಿ ನೋಡಿಲ್ಲ. ನೋಡಿದ್ದೆಲ್ಲ ನಿಮ್ಮನ್ನೇ."

ಅಜ್ಜಿ ಗೋಡೆಯಿಂದ ಕಣ್ಣು ತೆಗೆದು ಇಬ್ಬರನ್ನೂ ನೋಡಿದರು.

"ನಾನು ಮುಂದಿನ ಸಾಲು ಓದ್ಲೇನಪ್ಪ," ಅಜ್ಜಿ ಕೇಳಿದರು, "ಅಥವಾ ನೀವಿಬ್ಬರೂ ಒಂದು ಸುತ್ತು ಹೊರಗೆ ಹೋಗಿ ಬರ್ತೀರಾ? ನನಗೇನೂ ಅವಸರ ಇಲ್ಲ."

ಇಬ್ಬರೂ ನಾಚಿ ನೀರಾಗಿ ಹಿತ್ತಲಿಗೆ ಬಂದರು. ಬಿಸಿಲು ಗೋಡೆಯನ್ನು ಹತ್ತಿ ಕೂತಿತ್ತು. ಅವನು ಏನೋ ಹೇಳಹೋಗಿ, ಹೇಳಲಾರದೆ, ಅವಳ ಕಡೆಗೆ ಕೈ ಚಾಚಿದ.

"ಬೇಡ, ಬೇಡ!" ಅವಳು ಎರಡೂ ಕೈ ಹಿಂದಕ್ಕೆ ಎಳೆದುಕೊಂಡಳು. ಮೊಣಕೈವರೆಗೂ ಪರದೆಯ ನೀಲಿ ಬಣ್ಣ. "ಹಸಿ ಇದೆ. ನಿಮಗೂ ಅಂಟುತ್ತೆ."

"ಅಂಟಲಿ ಬಿಡು."

'ಬಿಡು' ಅಂದ! 'ಬಿಡಿ' ಅನ್ನಲಿಲ್ಲ! ಅವಳ ಎದೆ ತುಂಬಿ ಬಂತು. ಮೆಲ್ಲಗೆ ಕೈ ಮುಂದೆ ಮಾಡಿದಳು. ಅವನು ಎರಡೂ ಅಂಗೈಗಳಲ್ಲಿ ಅದನ್ನು ಹಿಡಿದುಕೊಂಡ.

"ನೋಡು, ಆಗಲೇ ಅಂಟ್ತು," ಅಂದಳು ಅವಳೂ ಏಕವಚನದಲ್ಲೇ. "ಸೋಪು ಹಾಕಿ ತಿಕ್ಕಿದ್ರೂ ಎಂಟು ದಿನ ಹೋಗಲ್ಲ ಇದು."

"ಬರೀ ಎಂಟೇ ದಿನಾನಾ?" ಅಂದ ಅವನು, ಕೈ ಬಿಡದೆ.